ಕರ್ನಲ್ ಸಾಹೇಬನ ಹಕ್ಕಿ ಲೆಕ್ಕ

ಕಾಮರ್ಸ್ ಓದುವವನಿಗೆ ಹಕ್ಕಿಗಳ ಗೊಡವೆ ಯಾಕಪ್ಪಾ ಅಂತ ಸಂಘದ ಗೆಳೆಯರು ಕೇಳಬಹುದು. ಆದರೆ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ನನ ಕಥೆ ನಮ್ಮ ಆಡಿಟಿಂಗ್ ಪೀರಿಯಡ್ಡಿಗೇ ಹೇಳಿ ಮಾಡಿಸಿದಂತಿದೆ.

ಈತ ಹುಟ್ಟಿದ್ದು 1878ರಲ್ಲಿ, ಲಂಡನ್ನಿನ ಶ್ರೀಮಂತ ಬ್ಯಾಂಕರ್ ಮನೆತನದಲ್ಲಿ. ಸೈನ್ಯ ಸೇರಿ ಇಂಡಿಯಾ, ಪೂರ್ವ ಆಫ್ರಿಕಾ, ಪ್ಯಾಲೆಸ್ಟೈನ್ ಎಲ್ಲ ಸುತ್ತಿದ. ಅವನ ಯುದ್ಧದ ಸಾಹಸಗಳಲ್ಲಿ ನಿಜ ಎಷ್ಟು, ಬುರುಡೆ ಎಷ್ಟು ಅನ್ನೋದು ಬೇರೆಯೇ ಜಗಳ, ಇಲ್ಲಿ ಬೇಡ. ಹೋದಲ್ಲೆಲ್ಲ ಹಕ್ಕಿ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುವುದು ಅವನ ಹವ್ಯಾಸ. ಯಾವ ಹಕ್ಕಿ, ಯಾವ ಊರು, ಯಾವ ತಾರೀಖು ಎಂಬ ಆ ಚೀಟಿಯೇ ವೋಚರು. ಅದನ್ನು ನಂಬಿಯೇ ದೇಶದೇಶದ ವಿದ್ವಾಂಸರು ಪುಸ್ತಕ ಬರೆಯುವುದು.

ಹಕ್ಕಿಗಳನ್ನು ಕೇಳದೆ ಒಯ್ದನೆಂದು 1919ರಲ್ಲಿ ಲಂಡನ್ನಿನ ಮ್ಯೂಸಿಯಂ ಈತನಿಗೆ ಹಕ್ಕಿ ವಿಭಾಗದ ಬಾಗಿಲು ಮುಚ್ಚಿತ್ತು. ದೊಡ್ಡ ಮನುಷ್ಯ ನೋಡಿ, ಒಂದೂವರೆ ವರ್ಷದಲ್ಲಿ ಮತ್ತೆ ತೆರೆಯಿತು! 1937ರಲ್ಲಿ ನಮ್ಮ ಸಲೀಂ ಅಲಿಯವರೂ ಇವನ ಜೊತೆ ಅಫ್ಘಾನಿಸ್ತಾನಕ್ಕೆ ಹೋಗಿದ್ದರು. 1954ರಲ್ಲಿ ತನ್ನ ಸುಮಾರು 20,000 ಹಕ್ಕಿಗಳನ್ನು ಅದೇ ಮ್ಯೂಸಿಯಂಗೆ ಕೊಟ್ಟ. 1967ರಲ್ಲಿ ಸತ್ತಾಗಲೂ ಹೆಸರು ಗಟ್ಟಿಯಾಗಿಯೇ ಇತ್ತು.

ಆ ರಾಶಿಯಲ್ಲಿ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯೊಂದಿತ್ತು. 1884ರಿಂದೀಚೆಗೆ ಯಾರ ಕೈಗೂ ಸಿಗದ ಹಕ್ಕಿ. ಚೀಟಿಯಲ್ಲಿ 1914, ಮಾಂಡ್ವಿ ಎಂದಿತ್ತು. (ನಮ್ಮ ಮಸೀದಿ ಬಂದರದ ಮಾಂಡ್ವಿ ಅಲ್ಲ, ಗುಜರಾತಿನದು.) ಸಲೀಂ ಅಲಿ, ಅಮೆರಿಕದ ರಿಪ್ಲಿ ಇಬ್ಬರೂ ಈ ಗೂಬೆಯನ್ನು ಹುಡುಕಿ ಹುಡುಕಿ ಬರಿಗೈಲಿ ಬಂದರು. ಅದರ ವಂಶವೇ ಅಳಿಯಿತೇನೋ ಅಂತ ಅನುಮಾನ ಹುಟ್ಟಿತು.

ಕೊನೆಗೆ ಅಮೆರಿಕದ ಪಮೇಲಾ ರಾಸ್ಮುಸೆನ್, ಇಂಗ್ಲೆಂಡಿನ ನೈಜೆಲ್ ಕಾಲರ್ ಸೇರಿ ಆ ಒಂದು ಹಕ್ಕಿಯ ಆಡಿಟ್ ಮಾಡಿದರು. ಎಕ್ಸ್‌ರೇ ತೆಗೆಸಿದರು. ಹತ್ತಿಯ ಎಳೆಗಳು ಅಮೆರಿಕದ ಎಫ್.ಬಿ.ಐ. ಪ್ರಯೋಗಾಲಯದವರೆಗೂ ಹೋದವು. ಹೊಲಿಗೆ ಬಿಚ್ಚಿ ಮತ್ತೆ ತುಂಬಿದ ಗುರುತು ಸಿಕ್ಕಿತು. ಮೊದಲು ತುಂಬಿದ ಕೈ ಜೇಮ್ಸ್ ಡೇವಿಡ್‌ಸನ್ನನದು. ಆಮೇಲೆ ನಮ್ಮ ಉತ್ತರ ಕನ್ನಡದ ಕಲೆಕ್ಟರ್ ಆದನಲ್ಲ, ಅದೇ ಡೇವಿಡ್‌ಸನ್. 1880ರ ದಶಕದಲ್ಲಿ ಖಾನ್‌ದೇಶದಲ್ಲಿದ್ದಾಗ ಅವನು ಹೊಡೆದ ಗೂಬೆಯನ್ನೇ ಕರ್ನಲ್ ಕದ್ದು, ಸುಳ್ಳು ಚೀಟಿ ಕಟ್ಟಿದ್ದ. ಕದ್ದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಆ ಊರಿನ ಹೆಸರು ಬರೆದದ್ದಕ್ಕೆ. ಸತ್ತ ಹಕ್ಕಿ ಹೋದರೆ ಹೋಯಿತು, ಬದುಕಿರುವ ಹಕ್ಕಿಗಳನ್ನು ಜನ ಇಲ್ಲದ ಕಡೆ ಹುಡುಕುವ ಹಾಗಾಯ್ತಲ್ಲ!

ಮಾಂಡ್ವಿಯನ್ನು ಲೆಕ್ಕದಿಂದ ಹೊಡೆದುಹಾಕಿ, ಹಳೆಯ ನಿಜವಾದ ಚೀಟಿಗಳ ಜಾಡು ಹಿಡಿದು ರಾಸ್ಮುಸೆನ್ ಮತ್ತು ಇಬ್ಬರು ಸಂಗಡಿಗರು ಬಂದರು. 1997ರ ನವೆಂಬರ್ 25ರಂದು, ಮಹಾರಾಷ್ಟ್ರದ ಶಹಾದಾ ಬಳಿ, ಎಲೆಯುದುರಿದ ಮರದ ಮೇಲೆ ಹಾಡುಹಗಲಲ್ಲೇ ಗೂಬೆ ಕೂತಿತ್ತು. 113 ವರ್ಷದ ಮೇಲೆ! ಈ ಸಲ ಗುಂಡು ಹಾರಿಸಲಿಲ್ಲ, ಫೋಟೋ, ವಿಡಿಯೋ ತೆಗೆದುಕೊಂಡರು. 2014ರಲ್ಲಿ ಅದೇ ಗೂಬೆ ತಾನ್ಸಾ ಕಾಡಿನಲ್ಲಿಯೂ ಕಂಡಿತು, ಮುಂಬಯಿಯ ನಲ್ಲಿಗಳಿಗೆ ನೀರು ಬರುವ ಆ ಕೆರೆಯ ಸುತ್ತಲಿನ ಕಾಡಿನಲ್ಲಿ.