ಬೋಲ್ಟಿಗೆ ಅಳತೆ ಕೊಟ್ಟ ವಿಟ್‌ವರ್ತ್

ಎಂಜಿನ್ ಹೆಡ್ ಜೋಡಿಸಿದ ಮೇಲೆ ಗ್ಯಾಸ್ಕೆಟ್ ಹತ್ತಿರ ಲೀಕ್ ಆದ್ರೆ ನಮಗೆ ಮೊದಲು ಹೊಳೆಯೋದು ಒಂದೇ: ಬೋಲ್ಟ್ ಇನ್ನೊಂದು ಸ್ವಲ್ಪ ಟೈಟ್ ಮಾಡೋಣ. ಹಾಗೆ ಮಾಡಿ ಥ್ರೆಡ್ ಹಾಳು ಮಾಡಿದವರು ನಮ್ಮಲ್ಲೇ ಇದ್ದಾರೆ. ನಿಜವಾಗಿ ನೋಡಬೇಕಾದ್ದು ಎರಡು: ಮೇಲ್ಮೈ ಸಮತಟ್ಟಾಗಿದೆಯಾ? ಬೋಲ್ಟ್ ಸರಿಯಾದದ್ದಾ? ಈ ಎರಡು ಪ್ರಶ್ನೆಗಳಿಗೂ, ಕಾರು ಹುಟ್ಟೋಕೆ ಎಷ್ಟೋ ಮೊದಲೇ, ಉತ್ತರ ಹುಡುಕಿದವರು ಜೋಸೆಫ್ ವಿಟ್‌ವರ್ತ್.

1803ರ ಡಿಸೆಂಬರ್ 21ರಂದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದರು. ತಂದೆ ಶಾಲಾ ಮಾಸ್ತರು. 14ನೇ ವಯಸ್ಸಿಗೆ ಹುಡುಗನನ್ನು ಬಂಧುವೊಬ್ಬರ ಹತ್ತಿ ಗಿರಣಿಗೆ ಸೇರಿಸಿದರು. ಆದರೆ ಅವನಿಗೆ ಲೆಕ್ಕಪತ್ರಕ್ಕಿಂತ ಯಂತ್ರದ ಮೇಲೇ ಕಣ್ಣು. ಕೆಲ ವರ್ಷಗಳಲ್ಲಿ ಅಲ್ಲಿಂದ ಓಡಿಹೋಗಿ ಮ್ಯಾಂಚೆಸ್ಟರ್‌ನಲ್ಲಿ ಮೆಕ್ಯಾನಿಕ್ ಆದ. 1825ರಲ್ಲಿ ಲಂಡನ್ನಿಗೆ ಹೋಗಿ ಹೆನ್ರಿ ಮಾಡ್‌ಸ್ಲೇ ಅವರ ವರ್ಕ್‌ಶಾಪ್ ಸೇರಿದ. 1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ವರ್ಕ್‌ಶಾಪ್ ತೆರೆದರು.

ಆಗ ಲೋಹದ ಎರಡು ತಟ್ಟೆಗಳ ನಡುವೆ ಎಮರಿ ಪುಡಿ ಹಾಕಿ ಉಜ್ಜಿ ಸಮ ಮಾಡ್ತಿದ್ದರು. ಪುಡಿ ಎಲ್ಲ ಕಡೆ ಒಂದೇ ಥರ ಹರಡಲ್ಲ, ತಟ್ಟೆಯೂ ಸಮ ಆಗಲ್ಲ. ಇನ್ನೊಂದು ತೊಂದರೆ, ಒಂದು ತಟ್ಟೆ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೂ ಎರಡೂ ಚೆನ್ನಾಗಿ ಕೂತುಬಿಡ್ತವೆ. ವಿಟ್‌ವರ್ತ್ ಮೂರು ತಟ್ಟೆ ಇಟ್ಟುಕೊಂಡು, ಬಣ್ಣ ಹಚ್ಚಿ, ಒಂದಕ್ಕೊಂದು ತಾಳೆ ನೋಡಿ, ಉಬ್ಬಿದ ಜಾಗ ಮಾತ್ರ ಸ್ಕ್ರೇಪರ್‌ನಿಂದ ಕೆರೆದರು. ಮೂರೂ ಪರಸ್ಪರ ಕೂತರೆ ಮಾತ್ರ ಸಮತಟ್ಟು! 1840ರಲ್ಲಿ ಈ ವಿಧಾನವನ್ನು ಎಲ್ಲರ ಮುಂದಿಟ್ಟರು.

ಮರುವರ್ಷ ಬೋಲ್ಟಿನ ಸರದಿ. ಅಂದು ಒಂದೊಂದು ವರ್ಕ್‌ಶಾಪಿಗೆ ಒಂದೊಂದು ಥ್ರೆಡ್. ಬೋಲ್ಟ್ ಕಳೆದುಹೋದರೆ ಮಾಡಿದವರ ಹತ್ತಿರವೇ ಹೋಗಬೇಕು. ವಿಟ್‌ವರ್ತ್ ತನ್ನದೇ ಸರಿ ಅಂತ ಹಠ ಹಿಡಿಯಲಿಲ್ಲ. ಬೇರೆ ಬೇರೆ ವರ್ಕ್‌ಶಾಪ್‌ಗಳ ಸ್ಕ್ರೂ ತರಿಸಿ, ಅಳೆದು, ಸರಾಸರಿ ತೆಗೆದರು. ಥ್ರೆಡ್ ಕೋನ 55 ಡಿಗ್ರಿ. ಒಂದೊಂದು ವ್ಯಾಸಕ್ಕೆ ಇಂಚಿಗೆ ಇಷ್ಟೇ ಥ್ರೆಡ್. ಕಾಲು ಇಂಚಿನ ಬೋಲ್ಟಿಗೆ 20, ಅರ್ಧ ಇಂಚಿನದಕ್ಕೆ 12. ಮೊದಲು ರೈಲ್ವೆಯವರು ಒಪ್ಪಿದರು, ಆಮೇಲೆ ಉಳಿದವರು.

ಕಾರುಗಳಿಗೂ ಈ ಅಳತೆ ಬಂತು, ಒಂದು ತಮಾಷೆಯೊಂದಿಗೆ. 1920ರ ದಶಕದ ಮೋರಿಸ್ ಕಾರಿನ ಎಂಜಿನ್ ತಯಾರಾಗುತ್ತಿದ್ದ ಕಾರ್ಖಾನೆಯ ಯಂತ್ರಗಳು ಫ್ರೆಂಚ್ ಅಳತೆಯವು. ಮೆಕ್ಯಾನಿಕ್‌ಗಳ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಹಾಗಾಗಿ ಬೋಲ್ಟಿನ ತಲೆ ವಿಟ್‌ವರ್ತ್, ಥ್ರೆಡ್ ಮೆಟ್ರಿಕ್! ಸ್ಪ್ಯಾನರ್ ಕೂತಿತು ಅಂತ ಬೇರೆ ಬೋಲ್ಟ್ ತುರುಕಿದರೆ ಥ್ರೆಡ್ ಕೆಟ್ಟಂತೆಯೇ.

1868ರಲ್ಲಿ ಯುವ ಮೆಕ್ಯಾನಿಕ್‌ಗಳ ಓದಿಗೆ ವಿದ್ಯಾರ್ಥಿವೇತನ ಸ್ಥಾಪಿಸಿದರು. 1887ರ ಜನವರಿ 22ರಂದು ತೀರಿಕೊಂಡರು. ಕಾರ್ಲ್ ಬೆಂಜ್ ಮೋಟಾರು ಗಾಡಿಗೆ ಪೇಟೆಂಟ್ ಕೇಳಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಇವತ್ತು ನಮ್ಮ ಲ್ಯಾಬ್‌ನ ಬೋಲ್ಟ್ 60 ಡಿಗ್ರಿಯ ಮೆಟ್ರಿಕ್. ಪಾಠ ಮಾತ್ರ ಹಳೆಯದೇ. ಟಾರ್ಕ್ ರೆಂಚಿಗೆ ನಾವು ಹಾಕೋ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಗ್ಯಾಸ್ಕೆಟ್ ಒತ್ತುತ್ತೆ. ಉಳಿದದ್ದು ಘರ್ಷಣೆಗೆ ಹೋಗುತ್ತೆ. ಥ್ರೆಡ್‌ನಲ್ಲಿ ಕೊಳೆ ಇದ್ದರೆ ರೀಡಿಂಗೇ ಸುಳ್ಳು. ಅದಕ್ಕೇ ಮುಂದಿನ ಸಲ ಹೆಡ್ ಕೂರಿಸುವ ಮೊದಲು ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ಥ್ರೆಡ್ ಒರೆಸಿ. ಮ್ಯಾನುಯಲ್ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿ ಮಾಡಿ. ತೋಳ್ಬಲ ಆಮೇಲೆ, ಅಳತೆ ಮೊದಲು.