ದೋಣಿಗೂ ಒಂದು ಜಾತಕ

ಬೇಸಿಗೆ ಶಿಬಿರದಿಂದ ಮರಳಿದ ಮಕ್ಕಳನ್ನು ‘ಕನೂ ಅಂದರೇನು?’ ಎಂದು ಕೇಳಿದರೆ ಗಾಳಿಯಲ್ಲೇ ನೀರು ತಳ್ಳಿ ತೋರಿಸುತ್ತಾರೆ. ಹಾಗೆ ನೀರು ತಳ್ಳುವ ಕೋಲಿಗೆ ಕನ್ನಡದಲ್ಲಿ ‘ಹುಟ್ಟು’ ಎನ್ನುತ್ತಾರೆ ಎಂದರೆ ನಗು. ಹುಟ್ಟುಹಬ್ಬದ ಹುಟ್ಟು ಅವರಿಗೆ ಗೊತ್ತು, ದೋಣಿಯ ಹುಟ್ಟು ಗೊತ್ತಿಲ್ಲ. ಇಲ್ಲಿ ಎರಡೂ ಬೇಕಾಗುತ್ತವೆ. ಹಳೆಯ ಮರದ ಕನೂ ಹುಟ್ಟಿದ ದಿನವನ್ನೂ ಹುಡುಕಬಹುದು!

ಅಮೆರಿಕದ ಮೇನ್ ರಾಜ್ಯದಲ್ಲಿ ಪೆನಾಬ್‌ಸ್ಕಾಟ್ ನದಿಯ ದಡದ ಊರು ಓಲ್ಡ್ ಟೌನ್. ಅಲ್ಲಿನ ಮೂಲನಿವಾಸಿ ಪೆನಾಬ್‌ಸ್ಕಾಟ್ ಜನ ಬರ್ಚ್ ಮರದ ತೊಗಟೆಯಿಂದ ಹಗುರವಾದ ದೋಣಿ ಕಟ್ಟುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಆ ಭಾಗದ ಬಡಗಿಗಳು ತೊಗಟೆಯ ಬದಲು ಕ್ಯಾನ್ವಾಸ್ ಬಟ್ಟೆ ಹೊದಿಸತೊಡಗಿದರು. ಓಲ್ಡ್ ಟೌನ್ ಕನೂ ಕಂಪನಿಯ ಮೊದಲ ದೋಣಿ 1898ರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಹಿಂಭಾಗದಲ್ಲಿ ತಯಾರಾಯಿತು.

ಕಟ್ಟುವ ಬಗೆಯನ್ನು ಮಾತ್ರ ಸಾವಕಾಶವಾಗಿ ಹೇಳಬೇಕು. ಮೊದಲು ದೋಣಿಯನ್ನು ಬೋರಲು ಹಾಕಿದಂಥ ಮರದ ಅಚ್ಚು, ಅದರ ಮೇಲೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳು. ಸೀಡರ್ ಮರದ ಪಕ್ಕೆಲುಬುಗಳನ್ನು ಕಡುಬು ಬೇಯಿಸಿದ ಹಾಗೆ ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಆರುವ ಮೊದಲೇ ಆ ಕಬ್ಬಿಣದ ಪಟ್ಟಿಗಳ ಮೇಲೆ ಬಗ್ಗಿಸಿ ಕೂರಿಸುತ್ತಾರೆ. ಮೇಲೆ ತೆಳು ಹಲಗೆ, ಅದಕ್ಕೆ ಹಿತ್ತಾಳೆಯ ಸಣ್ಣ ಮೊಳೆ. ಸುತ್ತಿಗೆಯ ಪೆಟ್ಟಿಗೆ ಮೊಳೆಯ ತುದಿ ಒಳಗಿನ ಕಬ್ಬಿಣಕ್ಕೆ ಬಡಿದು ತಾನೇ ಮಡಚಿ, ಮರವನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಕ್ಯಾನ್ವಾಸನ್ನು ಬಿಗಿಯಾಗಿ ಎಳೆದು, ನೂಲಿನ ಸಂದು ಮುಚ್ಚುವ ಲೇಪ ಬಳಿದು, ಅದು ಒಣಗಲು ವಾರಗಟ್ಟಲೆ ಬಿಟ್ಟು, ಕೊನೆಗೆ ಬಣ್ಣ.

ಓಲ್ಡ್ ಟೌನ್ ಕಂಪನಿ ಪ್ರತಿ ದೋಣಿಗೂ ಒಂದು ಸಂಖ್ಯೆ ಕೊಟ್ಟಿತು. ದೋಣಿಯ ಒಳಗೆ, ಎರಡೂ ತುದಿಯಲ್ಲಿ ತಳಕ್ಕೆ ತಾಗಿದ ಮರದ ಮೇಲೆ ಅದನ್ನು ಒತ್ತಿರುತ್ತಾರೆ. ಜೊತೆಗೆ 16, 17 ಎಂಬಂತೆ ಇನ್ನೊಂದು ಪುಟ್ಟ ಅಂಕಿ: ಅದು ದೋಣಿಯ ಉದ್ದ, ಅಡಿಗಳಲ್ಲಿ. ವಾರ್ನಿಷ್ ಮುಚ್ಚಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಆದೀತು. ಒಂದು ತುದಿಯಲ್ಲಿ ಅಳಿಸಿಹೋಗಿದ್ದರೆ ಇನ್ನೊಂದು ತುದಿಗೆ ಹೋಗಿ.

ಆ ಸಂಖ್ಯೆಗೆ ಒಂದು ಕಾರ್ಡ್ ಇದೆ. ಯಾವ ಮಾದರಿ, ಹಲಗೆ ಯಾವ ಮರದ್ದು, ಅಂಚಿಗೆ ಯಾವ ಮರ, ಕ್ಯಾನ್ವಾಸ್ ಹೊದಿಸಿದ್ದು ಯಾವಾಗ, ಯಾವ ಬಣ್ಣ, ಯಾವ ಊರಿಗೆ ಯಾವ ದಿನ ಕಳುಹಿಸಿದ್ದು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಇದು ಜಾತಕವಲ್ಲದೆ ಮತ್ತೇನು? ಈಗ ಕೆಂಪಗಿರುವ ದೋಣಿ ಹುಟ್ಟುವಾಗ ಕಡುಹಸಿರಾಗಿತ್ತು ಎಂಬುದೂ ಹೀಗೆ ತಿಳಿದೀತು. ‘ಒಟ್ಕಾ’ ಎಂಬ ಮಾದರಿಯ ಹೆಸರಂತೂ ಮಕ್ಕಳಿಗೆ ಒಗಟಾಗಬಹುದು: ಇಂಗ್ಲಿಷಿನಲ್ಲಿ ಬರೆದ ಓಲ್ಡ್, ಟೌನ್ ಪದಗಳ ಮೊದಲ ಅಕ್ಷರಗಳಿಗೆ ಕನೂ ಪದದ ಮೊದಲ ಎರಡು ಅಕ್ಷರಗಳನ್ನು ಕೂಡಿಸಿದರೆ ಉತ್ತರ. ಇಂಥ ಲಕ್ಷಾಂತರ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಉಳಿಸಿದ್ದಾರೆ. 1979ರಲ್ಲಿ ಹುಟ್ಟಿದ ವುಡನ್ ಕನೂ ಹೆರಿಟೇಜ್ ಅಸೋಸಿಯೇಷನ್ನಿನ ಸ್ವಯಂಸೇವಕರಿಗೆ ಸಂಖ್ಯೆ ತಿಳಿಸಿದರೆ ಕಾರ್ಡ್ ಹುಡುಕಿಕೊಡುತ್ತಾರೆ.

ಎಲ್ಲ ದೋಣಿಗಳಿಗೂ ಈ ಭಾಗ್ಯವಿಲ್ಲ. ಹತ್ತಿರದ ವೀಜಿ ಊರಿನಲ್ಲಿದ್ದ ಮಾರಿಸ್ ಕನೂ ಕಾರ್ಖಾನೆ 1919ರಲ್ಲಿ ಸುಟ್ಟುಹೋಯಿತು; ಅದರ ದೋಣಿಗಳಿಗೆ ಇಂಥ ಕಾರ್ಡುಗಳು ಉಳಿದಿಲ್ಲ. ಆ ದೋಣಿಗಳ ವಯಸ್ಸನ್ನು ಸಂಖ್ಯೆಯಿಂದಲೂ ಕೆಲಸದ ಶೈಲಿಯಿಂದಲೂ ಅಂದಾಜು ಮಾಡಬೇಕು.

ಈ ಲೇಖಕಿಗೆ ಕಾರ್ಡುಗಳನ್ನು ನೋಡಿದಾಗ ನೆನಪಾದದ್ದು ಕರಾವಳಿಯ ಅಜ್ಜಿಮನೆಯ ಹೊಳೆಯಲ್ಲಿ ಕಟ್ಟಿದ್ದ ಪಾತಿ ದೋಣಿ. ಒಂದೇ ಮಾವಿನ ದಿಮ್ಮಿಯನ್ನು ಕೊರೆದು ಮಾಡಿದ್ದು. ಮಳೆಗಾಲಕ್ಕೆ ಮುಂಚೆ ಗೇರೆಣ್ಣೆ ಬಳಿದರೆ ಆ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಅದಕ್ಕೆ ಸಂಖ್ಯೆಯಿರಲಿಲ್ಲ, ಕಾರ್ಡೂ ಇರಲಿಲ್ಲ. ಯಾರು ಕೊರೆದರು, ಮರ ಯಾರ ತೋಟದ್ದು ಎಂದು ಅಜ್ಜನಿಗೆ ಗೊತ್ತಿತ್ತು. ಕೇಳುವ ವಯಸ್ಸಿನಲ್ಲಿ ಈ ಲೇಖಕಿ ಕೇಳಲಿಲ್ಲ. ಈಗ ಅಜ್ಜನೂ ಇಲ್ಲ, ದೋಣಿಯೂ ಇಲ್ಲ.

ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಈ ಭಾನುವಾರ ಊರಿಗೆ ವಿಡಿಯೊ ಕರೆ ಮಾಡಿದಾಗ ಫೋನನ್ನು ಮಕ್ಕಳ ಕೈಗೆ ಕೊಡಿ. ‘ಅಜ್ಜಾ, ನಮ್ಮ ಮನೆಯಲ್ಲಿ ದೋಣಿ ಇತ್ತಾ? ಹರಿಗೋಲು? ಎತ್ತಿನ ಗಾಡಿ? ಅದನ್ನು ಮಾಡಿದ್ದು ಯಾರು?’ ಎಂದು ಅವರೇ ಕೇಳಲಿ. ಉತ್ತರವನ್ನು ಒಂದು ಕಾರ್ಡಿನ ಮೇಲೆ, ಕನ್ನಡದಲ್ಲಿ, ಅವರ ಕೈಯಿಂದಲೇ ಬರೆಸಿ ಮುಂದಿನ ಸಂಚಿಕೆಗೆ ಕಳುಹಿಸಿ. ಕಾಗುಣಿತ ತಪ್ಪಿದ್ದರೂ ಅಡ್ಡಿಯಿಲ್ಲ.