ತ್ರಿವೇಣಿ: ಪ್ರೇಮಕಥೆಯ ಮುಂದಿನ ಪುಟ

ಕನ್ನಡದ ಹೆಣ್ಣುಮಕ್ಕಳು ಕದ್ದು ಓದಿದ ಪುಸ್ತಕಗಳ ಪಟ್ಟಿ ಮಾಡಿದರೆ ತ್ರಿವೇಣಿಯವರ ಹೆಸರು ಮೊದಲ ಸಾಲಿನಲ್ಲೇ ಬಂದೀತು. ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು, ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುತ್ತ, ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಕುಳಿತು, ನಮ್ಮ ಅಜ್ಜಿಯರು, ಅಮ್ಮಂದಿರು, ಅತ್ತಿಗೆಯರು ಅವರನ್ನು ಓದಿದರು. ಬೀದಿಯ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪ್ರತಿ ಮನೆಯಿಂದ ಮನೆಗೆ ಹೋಗಿ, ರಟ್ಟು ಕಿತ್ತು, ಪುಟಗಳು ಸಡಿಲವಾಗಿ ಹಿಂದಿರುಗುತ್ತಿತ್ತು. ಹೆಂಗಸರು ಬರೆದ ಇಂಥ ಕಥೆಗಳಿಗೆ ಅಡುಗೆಮನೆ ಸಾಹಿತ್ಯ ಎಂಬ ಅಡ್ಡಹೆಸರನ್ನಿಟ್ಟ ಪಂಡಿತರೂ ಇದ್ದರು. ಓದುವವರು ಅದಕ್ಕೆ ಕಿವಿಗೊಡಲಿಲ್ಲ.

ನಮ್ಮ ಪೀಳಿಗೆ ಕಾಲೇಜು ಸೇರುವ ಹೊತ್ತಿಗೆ ಹಾಸ್ಟೆಲುಗಳಲ್ಲಿ ಮಿಲ್ಸ್ ಅಂಡ್ ಬೂನ್ ಬಂದು ಕುಳಿತಿತ್ತು. ಈಗ ಇಲ್ಲಿ ಬೆಳೆಯುತ್ತಿರುವ ನಮ್ಮ ಹೆಣ್ಣುಮಕ್ಕಳು ರಕ್ತಪಿಶಾಚಿಯನ್ನು ಪ್ರೀತಿಸಿದ ಹುಡುಗಿಯ ಕಥೆಯನ್ನೂ ಓದುತ್ತಾರೆ, ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ಡ್ಯೂಕನನ್ನು ವರಿಸಿದವಳ ಕಥೆಯನ್ನೂ ಓದುತ್ತಾರೆ. ವೇಷ ಬೇರೆಯಾದರೂ ಈ ಬಗೆಯ ಕಥೆಗಳ ಕಟ್ಟುಪಾಡು ಒಂದೇ: ಎಷ್ಟೇ ಅಡ್ಡಿ ಬಂದರೂ ಕೊನೆಗೆ ಇಬ್ಬರೂ ಒಂದಾಗಬೇಕು, ಅಲ್ಲಿಗೆ ಪುಸ್ತಕ ಮುಗಿಯಬೇಕು. ತ್ರಿವೇಣಿಯವರೂ ಪ್ರೇಮ, ವಿರಹ, ಮದುವೆಗಳನ್ನೇ ಬರೆದರು. ಆದರೆ ಮದುವೆಯ ಚಪ್ಪರ ಬಿಚ್ಚಿದ ಮೇಲೆ ಏನಾಯಿತು ಎಂಬುದೇ ಅವರಿಗೆ ಮುಖ್ಯವಾಗಿತ್ತು. ವೈದ್ಯರಾದ ನಮಗೆ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದ್ದು ಅದಕ್ಕಾಗಿ.

ಅವರು ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯ-ಮೈಸೂರು ಸೀಮೆಯ ವಿದ್ಯಾವಂತ ಮನೆತನದಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ. ಹೊಸಗನ್ನಡ ಕಾವ್ಯಕ್ಕೆ ದಾರಿ ಹಾಕಿದ ಬಿ.ಎಂ. ಶ್ರೀಕಂಠಯ್ಯನವರು ದೊಡ್ಡಪ್ಪ. ಆರ್ಯಾಂಬ ಪಟ್ಟಾಭಿ ಅವರ ತಂಗಿ. ಮುಂದೆ ಅವರೂ ಕಾದಂಬರಿಗಾರ್ತಿಯಾದರು. ಹೆತ್ತವರು ಇಟ್ಟ ಹೆಸರು ಭಾಗೀರಥಿ. ಶಾಲೆಯಲ್ಲಿ ಅನಸೂಯ ಆಯಿತು. ಬರವಣಿಗೆಗೆ ತ್ರಿವೇಣಿ ಎಂದಾಯಿತು. ಭಾಗೀರಥಿ ಹರಿದು ಹೋಗಿ ಸಂಗಮವಾದಂತೆ ಆಯಿತೆನ್ನಿ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಆರಿಸಿಕೊಂಡ ವಿಷಯ ಮನಃಶಾಸ್ತ್ರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಭಾರತದಲ್ಲೇ ಮೊದಮೊದಲಿನವುಗಳಲ್ಲಿ ಅದೂ ಒಂದು. 1947ರಲ್ಲಿ ಅವರು ಚಿನ್ನದ ಪದಕದೊಡನೆ ಬಿ.ಎ. ಪದವಿ ಪಡೆದರು. ಮನಸ್ಸಿಗೆ ಕಾಯಿಲೆ ಬಂದರೆ ಮಂತ್ರವಾದಿಯನ್ನು ಕರೆಸುತ್ತಿದ್ದ, ಇಲ್ಲವೇ ಕೋಣೆಯ ಬಾಗಿಲಿಗೆ ಚಿಲಕ ಹಾಕುತ್ತಿದ್ದ ಕಾಲ ಅದು. ಸುಪ್ತ ಮನಸ್ಸು, ಬಾಲ್ಯದ ಗಾಯ, ಅದುಮಿಟ್ಟ ಆಸೆ ಮುಂತಾದವು ಪಾಶ್ಚಾತ್ಯ ಪುಸ್ತಕಗಳಲ್ಲಿದ್ದವು, ಕಾಲೇಜಿನ ಕೊಠಡಿಗಳಲ್ಲಿದ್ದವು. ಅವನ್ನು ಹಜಾರಕ್ಕೂ ಅಡುಗೆಮನೆಗೂ ತಂದವರು ತ್ರಿವೇಣಿ. ಒಂದು ಪಾರಿಭಾಷಿಕ ಪದವನ್ನೂ ಓದುಗರ ಮೇಲೆ ಹೇರದೆ ತಂದರು ಎಂಬುದು ನಮಗೆ ದೊಡ್ಡದಾಗಿ ಕಾಣುತ್ತದೆ. ಕಾಯಿಲೆಯನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ನಮ್ಮ ಕಸುಬಿನವರಿಗೆ ಗೊತ್ತು.

ಕೈಹಿಡಿದವರು ಮೈಸೂರಿನ ಶಾರದಾವಿಲಾಸ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್. ಮೊದಲ ಕಾದಂಬರಿ ಅಪಸ್ವರ 1953ರಲ್ಲಿ ಬಂತು. ಅಲ್ಲಿಂದ ಮುಂದೆ ಅವರಿಗೆ ಉಳಿದಿದ್ದುದು ಹತ್ತೇ ವರ್ಷ. ಆ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ಬರೆದರು. ಅದೂ ಆಸ್ತಮಾ ಇದ್ದ ದೇಹದಲ್ಲಿ, ಈಗ ಮಕ್ಕಳ ಶಾಲೆಯ ಚೀಲದಲ್ಲೂ ಇರುವ ಇನ್‌ಹೇಲರುಗಳು ಇನ್ನೂ ಮನೆಮಾತಾಗಿರದ ಕಾಲದಲ್ಲಿ.

ಬೆಳ್ಳಿಮೋಡ ಕಾದಂಬರಿಯನ್ನು ಹೊರನಾಡಿನಲ್ಲಿರುವ ನಾವೆಲ್ಲ ಇನ್ನೊಮ್ಮೆ ಓದಬೇಕು. ಎಸ್ಟೇಟಿನ ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲಿರುವ ಮೋಹನ, ಭಾವೀ ಮಾವನ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಯ ತಾಯಿಗೆ ಎಷ್ಟೋ ವರ್ಷಗಳ ಮೇಲೆ ಗಂಡು ಮಗು ಹುಟ್ಟುತ್ತದೆ. ಎಳೆಮಗುವನ್ನು ಬಿಟ್ಟು ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದೊಡನೆ ಮೋಹನನ ಪ್ರೀತಿ ತಣ್ಣಗಾಗುತ್ತದೆ. ಮುಂದೆ ಅವನೇ ಪೆಟ್ಟು ತಿಂದು ಹಾಸಿಗೆ ಹಿಡಿದಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಮದುವೆಯ ಮಾತು ಎತ್ತುತ್ತಾನೆ. ಬೇರೆ ಯಾರು ಬರೆದಿದ್ದರೂ ಇಲ್ಲಿ ವಾಲಗ ಊದಿಸುತ್ತಿದ್ದರು. ತ್ರಿವೇಣಿಯವರ ಇಂದಿರಾ ಒಲ್ಲೆ ಎನ್ನುತ್ತಾಳೆ. ಸೇಡಿನಿಂದಲ್ಲ, ಮುನಿಸಿನಿಂದಲೂ ಅಲ್ಲ. ಸತ್ತುಹೋದ ಪ್ರೀತಿಯನ್ನು ಕರುಣೆಯಿಂದ ಬದುಕಿಸಲು ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಿದೆ, ಅಷ್ಟೆ. ಫಾರಿನ್ ವರ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಬೆಲೆ ಏರುವುದಕ್ಕೆ ಎಷ್ಟೋ ಮೊದಲೇ ಆ ವರನ ಒಳಹೊರಗನ್ನು ಒಬ್ಬ ಮೈಸೂರಿನ ಗೃಹಿಣಿ ಹೀಗೆ ತೂಗಿ ನೋಡಿದ್ದರು.

ಆದರೆ ಅವರ ಕೃತಿಗಳಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಶರಪಂಜರ. ಕಾವೇರಿ ಚೆಲುವೆ, ಜಾಣೆ. ಸತೀಶನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಇಬ್ಬರು ಮಕ್ಕಳಾಗುತ್ತವೆ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಹಿಡಿತ ತಪ್ಪುತ್ತದೆ. ಆಸ್ಪತ್ರೆ ಸೇರಿ, ಚಿಕಿತ್ಸೆ ಪಡೆದು, ನೆಟ್ಟಗಾಗಿ ಮನೆಗೆ ಬರುತ್ತಾಳೆ. ನಿಜವಾದ ಕಥೆ ಅಲ್ಲಿಂದ ಶುರು. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ದನಿ ಏರಿಸಿದರಂತೂ ಮುಗಿದೇ ಹೋಯಿತು. ನೆಂಟರು ದೂರ ನಿಲ್ಲುತ್ತಾರೆ. ಗಂಡ ಬೇರೊಬ್ಬಳ ಸಂಗ ಬಯಸಿದ್ದಾನೆ. ವಾಸಿಯಾಗಿ ಬಂದವಳನ್ನು ಸುತ್ತಲಿನವರೇ ಸೇರಿ ಮತ್ತೆ ಹುಚ್ಚಿಯಾಗಿಸುತ್ತಾರೆ.

ಬಾಣಂತಿಗೆ ಬರುವ ಈ ತೀವ್ರ ಮನೋವಿಕಾರ ಸಾವಿರ ಹೆರಿಗೆಗಳಲ್ಲಿ ಒಂದು ಎರಡರಲ್ಲಿ ಕಾಣಿಸುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ. ನಿದ್ದೆ ಹಾರಿಹೋಗುತ್ತದೆ, ಇಲ್ಲದ್ದು ಕೇಳಿಸುತ್ತದೆ, ಮಗುವಿನ ಬಗ್ಗೆಯೇ ವಿಪರೀತ ಯೋಚನೆಗಳು ಬರುತ್ತವೆ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದ ಕಾಯಿಲೆ ಇದು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಹೆಂಗಸರು ಪೂರ್ತಿ ಗುಣವಾಗುತ್ತಾರೆ. ಇದಕ್ಕಿಂತ ಬಹಳ ಸಾಮಾನ್ಯವಾದದ್ದು ಬಾಣಂತಿಯ ಖಿನ್ನತೆ. ಅದನ್ನು ಪತ್ತೆಹಚ್ಚಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಪ್ರಕಟವಾದದ್ದು 1987ರಲ್ಲಿ. ತೀವ್ರ ಮನೋವಿಕಾರಕ್ಕೆ ಕ್ಲೋರ್‌ಪ್ರೊಮಜೀನ್ ಎಂಬ ಮೊದಲ ಆಂಟಿಸೈಕೋಟಿಕ್ ಔಷಧ ಬಳಕೆಗೆ ಬಂದದ್ದೇ 1952ರಲ್ಲಿ, ಅಪಸ್ವರ ಅಚ್ಚಾಗುವ ಒಂದು ವರ್ಷ ಮೊದಲು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಯಿತು. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಂದರೆ ಔಷಧವೂ ಹೊಸದು, ಆಸ್ಪತ್ರೆಯೂ ಹೊಸದು ಎನ್ನುವ ದಿನಗಳಲ್ಲಿ ತ್ರಿವೇಣಿಯವರು ಕಾಯಿಲೆ ವಾಸಿಯಾಗುತ್ತದೆ ಎಂದು ಬರೆದರು. ವಾಸಿಯಾಗದೆ ಉಳಿಯುವುದು ನೋಡುವವರ ಕಣ್ಣು ಎಂದೂ ಬರೆದರು.

ಇಲ್ಲಿ ನಮ್ಮವರ ಮನೆಗಳಲ್ಲಿ ಬಾಣಂತನಕ್ಕೆಂದು ಅಮ್ಮನೋ ಅತ್ತೆಯೋ ವೀಸಾ ಮಾಡಿಸಿಕೊಂಡು ಬರುತ್ತಾರೆ. ಅಂಟಿನುಂಡೆ, ಎಣ್ಣೆನೀರು, ಸಾಂಬ್ರಾಣಿ ಹೊಗೆ ಎಲ್ಲವೂ ಆಗುತ್ತದೆ. ಹುಡುಗಿ ಸುಮ್ಮಸುಮ್ಮನೆ ಅಳುತ್ತಾಳೆ ಎಂಬ ಮಾತು ಮಾತ್ರ ಡಾಕ್ಟರ ತನಕ ಬರುವುದಿಲ್ಲ. ಹತ್ತು ಪ್ರಶ್ನೆಗಳಿಗೂ ಚೆನ್ನಾಗಿದ್ದೇನೆ ಎಂದು ಗುರುತು ಹಾಕಿ ಕೊಡುವವರೂ ಇದ್ದಾರೆ. ಊರಿನಲ್ಲಿರುವ ತಂಗಿಯ ಮದುವೆಗೆ ಅಡ್ಡಿಯಾದೀತು ಎಂಬ ಹೆದರಿಕೆ. ಅಂಥ ಮನೆಗೆ ನಾವು ಬರೆದುಕೊಡುವ ಔಷಧದ ಚೀಟಿಯೊಡನೆ ಶರಪಂಜರದ ಒಂದು ಪ್ರತಿಯನ್ನೂ ಕೊಡಬಹುದೇ ಎಂದು ಎಷ್ಟೋ ಸಲ ಅನಿಸಿದೆ. ಮುಗಿತಾಯ ದುಃಖದ್ದು, ಬಾಣಂತಿಗಲ್ಲ, ಮನೆಯ ಉಳಿದವರಿಗೆ ಕೊಡಬೇಕು.

ಹಣ್ಣೆಲೆ ಚಿಗುರಿದಾಗ ಕಾದಂಬರಿಯಲ್ಲಿ ಚಿಕ್ಕ ವಯಸ್ಸಿನ ವಿಧವೆ ಮಾಲತಿ ಮತ್ತೆ ಪ್ರೀತಿಸುತ್ತಾಳೆ. ಹೂವು ಹಣ್ಣು ಬೀದಿಗೆ ಬಿದ್ದ ಹೆಣ್ಣಿನ ಕಥೆ. ಎಲ್ಲ ಕಾದಂಬರಿಗಳೂ ಒಂದೇ ಮಟ್ಟದಲ್ಲಿವೆ ಎಂದು ನಾವು ಹೇಳುವುದಿಲ್ಲ. ಕೆಲವೆಡೆ ಕಾಕತಾಳೀಯಗಳು ಹೆಚ್ಚಾದವು, ಕೆಲವು ಗಂಡಸರು ಕೇವಲ ನೆರಳುಗಳು. ಹತ್ತು ವರ್ಷದಲ್ಲಿ ಇಷ್ಟು ಬರೆದರೆ ಅದು ಸಹಜ.

ಚಲನಚಿತ್ರಗಳಿಂದ ಅವರ ಹೆಸರು ಓದು ಬಾರದವರಿಗೂ ತಲುಪಿತು. ಮೊದಲು ತೆರೆಗೆ ಬಂದದ್ದು ಬೆಕ್ಕಿನ ಕಣ್ಣು, 1966ರಲ್ಲಿ, ಅದೂ ಮಲಯಾಳದಲ್ಲಿ. ನಿರ್ದೇಶಕರು ಪುಟ್ಟಣ್ಣ ಕಣಗಾಲ್. ಮರುವರ್ಷ ಅವರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವೂ ತ್ರಿವೇಣಿಯವರದೇ ಬೆಳ್ಳಿಮೋಡ. 1968ರಲ್ಲಿ ಎಂ.ಆರ್. ವಿಠ್ಠಲ್ ಅವರ ಹಣ್ಣೆಲೆ ಚಿಗುರಿದಾಗ, 1971ರಲ್ಲಿ ಪುಟ್ಟಣ್ಣನವರ ಶರಪಂಜರ, 1993ರಲ್ಲಿ ಲಕ್ಷ್ಮಿ ನಟಿಸಿದ ಹೂವು ಹಣ್ಣು. ಇಂದಿರಾ, ಮಾಲತಿ, ಕಾವೇರಿ ಮೂವರಿಗೂ ಮುಖ ಕೊಟ್ಟವರು ಕಲ್ಪನಾ. ಈ ಚಿತ್ರಗಳಲ್ಲಿ ಒಂದನ್ನೂ ತ್ರಿವೇಣಿಯವರು ನೋಡಲಿಲ್ಲ.

ಗರ್ಭ ನಿಲ್ಲದೆ ಹೋದ ನೋವನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಉಂಡಿದ್ದರು. 1963ರ ಜುಲೈ ತಿಂಗಳಲ್ಲಿ ಕಡೆಗೂ ಹೆಣ್ಣು ಮಗು ಹುಟ್ಟಿತು. ಮಗುವಿಗೆ ಹತ್ತು ದಿನವಾಗಿದ್ದಾಗ, ಜುಲೈ 29ರಂದು, ತಾಯಿ ತೀರಿಕೊಂಡರು. ಇನ್ನೂ 35 ತುಂಬಿರಲಿಲ್ಲ. ಕಾರಣ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡದ್ದು, ನಾವು ಪಲ್ಮನರಿ ಎಂಬಾಲಿಸಂ ಎನ್ನುವುದು. ಹೆರಿಗೆಯ ನಂತರದ ಆರು ವಾರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹೆರುವಾಗ ಹೆಚ್ಚು ರಕ್ತ ಹೋಗದಿರಲೆಂದು ದೇಹ ಮಾಡಿಕೊಳ್ಳುವ ಏರ್ಪಾಡು ಅದು. ಅದೇ ಹೆಪ್ಪು ಕಾಲಿನ ರಕ್ತನಾಳದಲ್ಲಿ ಕಟ್ಟಿ, ಕಳಚಿ, ಮೇಲೆ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹೆಪಾರಿನ್ ಕೊಟ್ಟರೆ ಇಂಥ ಸಾವು ಕಡಿಮೆಯಾಗುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ತೋರಿಸಿದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ. ಈಗ ನಮ್ಮ ಆಸ್ಪತ್ರೆಗಳಲ್ಲಿ ಬಾಣಂತಿಯನ್ನು ಬೇಗ ಎಬ್ಬಿಸಿ ನಡೆಸುತ್ತೇವೆ, ಅಪಾಯವಿದ್ದವರಿಗೆ ಸೂಜಿಮದ್ದು ಕೊಡುತ್ತೇವೆ. ಮನೆಗೆ ಹೋದ ಮೇಲೆ ಒಂದು ಕಾಲು ಮಾತ್ರ ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಕಾಯಬೇಡಿ, ಬನ್ನಿ ಎಂದು ಹೇಳಿ ಕಳಿಸುತ್ತೇವೆ.

ಮೇಜಿನ ಮೇಲೆ ಒಂದು ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದನ್ನು ಮುಂದೆ ಇನ್ನೊಬ್ಬ ಲೇಖಕಿ ಬರೆದು ಮುಗಿಸಿದರು. ಅದರ ಹೆಸರು ಅವಳ ಮಗಳು.